‘ರಿ’ ಉಪಸರ್ಗದ ಇಂಗ್ಲಿಷ್ ಪದಗಳಿಗೆ ವಿರುದ್ಧಪದ ಕಂಡುಕೊಳ್ಳುವ ಕ್ರಮ

ಇಂಗ್ಲಿಷ್ ವಿರುದ್ಧಪದಗಳನ್ನು ಕಲಿಯುವವರು ಸಾಮಾನ್ಯವಾಗಿ ಜೋಡಿಗಳ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ‘ರಿಮೆಂಬರ್’ಗೆ ‘ಫರ್ಗೆಟ್’, ‘ರಿಜೆಕ್ಟ್’ಗೆ ‘ಆಕ್ಸೆಪ್ಟ್’, ‘ರಿಡ್ಯೂಸ್’ಗೆ ‘ಇನ್‌ಕ್ರೀಸ್’ ಎಂಬಂತಹ ಜೋಡಿಗಳು ಉಪಯುಕ್ತವೇ ಆದರೂ, ಪಟ್ಟಿಯಲ್ಲಿಲ್ಲದ ಪದವೊಂದು ಎದುರಾದ ಕೂಡಲೇ, ಅಥವಾ ಪಟ್ಟಿಯಲ್ಲಿರುವ ಪದವೇ ಬೇರೊಂದು ಅರ್ಥದಲ್ಲಿ ಬಂದಾಗ, ಬಾಯಿಪಾಠ ಕೈಕೊಡುತ್ತದೆ. ‘ರಿ’ ಎಂಬ ಉಪಸರ್ಗದಿಂದ ಆರಂಭವಾಗುವ ಪದಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು, ಏಕೆಂದರೆ ಆ ಒಂದೇ ಉಪಸರ್ಗವು ಒಂದು ಪದದಲ್ಲಿ ‘ಮತ್ತೆ’ ಎಂಬ ಅರ್ಥವನ್ನೂ ಇನ್ನೊಂದರಲ್ಲಿ ‘ಹಿಂದಕ್ಕೆ’ ಎಂಬ ಅರ್ಥವನ್ನೂ ಕೊಡುತ್ತದೆ. ಕೆಲವು ಪದಗಳಲ್ಲಿ ಅರ್ಥಕ್ಕೆ ಒತ್ತು ಕೊಡುವುದಷ್ಟೇ ಅದರ ಕೆಲಸ. ಆದ್ದರಿಂದ ವಿರುದ್ಧಪದವನ್ನು ಹುಡುಕುವ ಮೊದಲು, ಈ ಪದದಲ್ಲಿ ‘ರಿ’ ಮಾಡುತ್ತಿರುವ ಕೆಲಸವೇನು ಎಂದು ಕೇಳಿಕೊಳ್ಳಬೇಕು. ಅದಕ್ಕೆ ಉತ್ತರ ಸಿಕ್ಕರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ.

ಈ ಉಪಸರ್ಗ ಲ್ಯಾಟಿನ್ ಭಾಷೆಯಿಂದ ಬಂದದ್ದು. ಅಲ್ಲಿಯೂ ಅದಕ್ಕೆ ‘ಹಿಂದಕ್ಕೆ’ ಮತ್ತು ‘ಮತ್ತೆ’ ಎಂಬ ಎರಡು ಅರ್ಥಗಳಿದ್ದವು. ಕನ್ನಡಿಗರಿಗೆ ಇದು ಅಪರಿಚಿತವಾಗಬೇಕಾಗಿಲ್ಲ: ‘ಮನೆಗೆ ಮರಳಿ ಬಂದರು’ ಎನ್ನುವಾಗ ಹಿಂದಕ್ಕೆ ಎಂಬ ಅರ್ಥವನ್ನೂ ‘ಮರಳಿ ಪ್ರಯತ್ನಿಸಿದರು’ ಎನ್ನುವಾಗ ಮತ್ತೆ ಎಂಬ ಅರ್ಥವನ್ನೂ ನಮ್ಮ ‘ಮರಳಿ’ ಎಂಬ ಒಂದೇ ಪದ ಕೊಡುತ್ತದೆ. ‘ರಿ’ಯನ್ನು ‘ಮರಳಿ’ಯಂತೆ ಗ್ರಹಿಸಿದರೆ ಇಂಗ್ಲಿಷ್ ಪದಗಳ ಒಳಗಿನ ಚಲನೆ ಬೇಗ ತಿಳಿಯುತ್ತದೆ.

ಮೊದಲು ಜರಡಿ ಹಿಡಿಯುವುದು

ಇಂಗ್ಲಿಷಿನಲ್ಲಿ ‘ರಿ’ಯನ್ನು ‘ಆರ್’, ‘ಇ’ ಎಂಬ ಎರಡು ಅಕ್ಷರಗಳಿಂದ ಬರೆಯುತ್ತಾರೆ, ಆದರೆ ಆ ಎರಡು ಅಕ್ಷರಗಳಿಂದ ಆರಂಭವಾಗುವ ಎಲ್ಲ ಪದಗಳಲ್ಲೂ ಉಪಸರ್ಗ ಇರುವುದಿಲ್ಲ. ‘ರೆಡ್’, ‘ರೀಚ್’, ‘ರೀಡ್’, ‘ರೆಡಿ’, ‘ರೆಸ್ಟ್’ ಮುಂತಾದವು ಹಳೆಯ ಇಂಗ್ಲಿಷಿನ ಸ್ವಂತ ಪದಗಳು. ‘ರಿಯಲ್’, ‘ರೀಸನ್’, ‘ರೆಗ್ಯುಲರ್’ ಲ್ಯಾಟಿನ್ ಮೂಲದವೇ ಆಗಿದ್ದರೂ ಅವುಗಳಲ್ಲಿ ಆ ಅಕ್ಷರಗಳು ಧಾತುವಿನ ಭಾಗವಾಗಿವೆ. ಇವನ್ನು ಒಡೆದು ಅರ್ಥ ಹುಡುಕಿದರೆ ದಾರಿ ತಪ್ಪುತ್ತದೆ.

ಉಪಸರ್ಗ ಇದೆಯೋ ಇಲ್ಲವೋ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ‘ರಿ’ಯನ್ನು ತೆಗೆದ ಮೇಲೆ ಉಳಿಯುವ ತುಂಡು ಸ್ವತಂತ್ರ ಪದವಾಗಿರಬೇಕೆಂದೇನೂ ಇಲ್ಲ, ಅದು ಬೇರೆ ಉಪಸರ್ಗಗಳ ಜೊತೆಯಲ್ಲಿ ಕಾಣಿಸಿಕೊಳ್ಳುತ್ತದೆಯೇ ಎಂದು ನೋಡಬೇಕು. ‘ರಿಜೆಕ್ಟ್’ನಲ್ಲಿ ಉಳಿಯುವ ‘ಜೆಕ್ಟ್’ ಎಂಬುದು ‘ಇನ್‌ಜೆಕ್ಟ್’, ‘ಇಜೆಕ್ಟ್’, ‘ಪ್ರಾಜೆಕ್ಟ್’ಗಳಲ್ಲಿಯೂ ಇದೆ, ಅದರ ಅರ್ಥ ಎಸೆಯುವುದು. ‘ರಿಡ್ಯೂಸ್’ನ ‘ಡ್ಯೂಸ್’ ಎಂಬುದು ‘ಪ್ರೊಡ್ಯೂಸ್’, ‘ಇನ್‌ಡ್ಯೂಸ್’ಗಳಲ್ಲಿದೆ, ಅದರ ಅರ್ಥ ಕರೆದೊಯ್ಯುವುದು. ಆದರೆ ಈ ಪರೀಕ್ಷೆಯಿಂದ ತಿಳಿಯುವುದು ಪದದ ರಚನೆ ಮಾತ್ರ, ವಿರುದ್ಧಪದವಲ್ಲ. ಉಪಸರ್ಗವನ್ನು ಬದಲಿಸಿದ ಮಾತ್ರಕ್ಕೆ ಅರ್ಥ ತಿರುಗುಮುರುಗಾಗುತ್ತದೆ ಎಂದು ನಂಬಿ ‘ರಿಡ್ಯೂಸ್’ಗೆ ‘ಪ್ರೊಡ್ಯೂಸ್’ ಎಂದು ಬರೆಯುವುದು ಬಹಳ ಸಾಮಾನ್ಯವಾದ ತಪ್ಪು. ‘ರಿಗ್ರೆಸ್’ ಮತ್ತು ‘ಪ್ರೋಗ್ರೆಸ್’ ಜೋಡಿಯಲ್ಲಿ ಅದು ಕೆಲಸ ಮಾಡುತ್ತದೆ, ಏಕೆಂದರೆ ಎರಡರಲ್ಲಿಯೂ ಹೆಜ್ಜೆಯಿಡುವ ಮೂಲ ಅರ್ಥ ಇಂದಿಗೂ ಜೀವಂತವಾಗಿದೆ. ‘ರಿಡ್ಯೂಸ್’ನಲ್ಲಿ ಕರೆದೊಯ್ಯುವ ಅರ್ಥ ಮಾಸಿಹೋಗಿ ಕಡಿಮೆ ಮಾಡುವ ಅರ್ಥವೊಂದೇ ಉಳಿದಿದೆ.

‘ರೆಕ್‌ಲೆಸ್’ ಎಂಬ ಪದವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಇದರಲ್ಲಿ ‘ರೆಕ್’ ಎಂದರೆ ಲಕ್ಷ್ಯ, ‘ಲೆಸ್’ ಎಂದರೆ ಇಲ್ಲದ. ಕೊನೆಯಲ್ಲಿರುವ ‘ಲೆಸ್’ ತೆಗೆದು ‘ಫುಲ್’ ಸೇರಿಸಿದರೆ ಇಂದು ಯಾರೂ ಬಳಸದ ಪದ ಹುಟ್ಟುತ್ತದೆ. ಇದರ ವಿರುದ್ಧಪದ ‘ಕಾಷಸ್’ ಅಥವಾ ‘ಕೇರ್‌ಫುಲ್’.

‘ಹಿಂದಕ್ಕೆ’ ಎಂಬ ಅರ್ಥವಿರುವಾಗ

ಈ ಗುಂಪಿನ ಪದಗಳಲ್ಲಿ ಒಂದು ದಿಕ್ಕು ಅಡಗಿರುತ್ತದೆ. ಆ ದಿಕ್ಕನ್ನು ಕಂಡುಹಿಡಿದು, ಅದರ ಎದುರು ದಿಕ್ಕಿಗೆ ಹೋಗುವ ಪದವನ್ನು ಆರಿಸಬೇಕು. ಸೈನ್ಯ ಹಿಂದೆ ಸರಿಯುವುದು ‘ರಿಟ್ರೀಟ್’, ಮುನ್ನುಗ್ಗುವುದು ‘ಅಡ್ವಾನ್ಸ್’. ಅಯಸ್ಕಾಂತದ ಸಜಾತಿ ಧ್ರುವಗಳು ಒಂದನ್ನೊಂದು ಹಿಂದಕ್ಕೆ ತಳ್ಳುವುದು ‘ರಿಪೆಲ್’, ವಿಜಾತಿ ಧ್ರುವಗಳು ತಮ್ಮ ಕಡೆಗೆ ಸೆಳೆಯುವುದು ‘ಅಟ್ರ್ಯಾಕ್ಟ್’. ‘ರಿಜೆಕ್ಟ್’ ಎಂದರೆ ಹಿಂದಕ್ಕೆ ಎಸೆಯುವುದಾದ್ದರಿಂದ, ತನ್ನ ಕಡೆಗೆ ತೆಗೆದುಕೊಳ್ಳುವ ‘ಆಕ್ಸೆಪ್ಟ್’ ಅದರ ಎದುರು ನಿಲ್ಲುತ್ತದೆ.

ದೈಹಿಕ ಚಲನೆ ಮನಸ್ಸಿನ ನಿಲುವಾಗಿ ಮಾರ್ಪಟ್ಟ ಪದಗಳಲ್ಲಿ ದಿಕ್ಕು ಸ್ವಲ್ಪ ಮರೆಯಾಗಿರುತ್ತದೆ. ‘ರಿಲಕ್ಟೆಂಟ್’ ಎಂಬುದರ ಮೂಲದಲ್ಲಿ ಎದುರಾಗಿ ಸೆಣಸುವ ಅರ್ಥವಿದೆ. ಒಲ್ಲದ ಮನಸ್ಸು ಹಿಂದಕ್ಕೆ ಜಗ್ಗುತ್ತಿರುತ್ತದೆ. ಒಪ್ಪಿ ಮುಂದೆ ಬರುವ ‘ವಿಲ್ಲಿಂಗ್’, ಅದಕ್ಕಿಂತ ತೀವ್ರವಾದ ‘ಈಗರ್’ ಅದರ ವಿರುದ್ಧಪದಗಳು. ‘ರಿಸಿಸ್ಟ್’ ಎಂದರೆ ಎದುರು ನಿಲ್ಲುವುದು. ‘ಯೀಲ್ಡ್’, ‘ಸಬ್‌ಮಿಟ್’ ಎಂದರೆ ಮಣಿಯುವುದು. ‘ರಿವೀಲ್’ನಲ್ಲಿ ಮುಸುಕನ್ನು ಹಿಂದಕ್ಕೆ ಸರಿಸುವ ಚಿತ್ರವಿದೆ, ಮುಚ್ಚಿಡುವ ‘ಕನ್ಸೀಲ್’ ಅದರ ವಿರುದ್ಧ. ಈ ಎರಡು ಪದಗಳ ಕೊನೆಯ ಧ್ವನಿ ಒಂದೇ ಆಗಿದ್ದರೂ ಅವು ಒಂದೇ ಧಾತುವಿನವಲ್ಲ: ಮೊದಲನೆಯದರಲ್ಲಿರುವುದು ಮುಸುಕು, ಎರಡನೆಯದರಲ್ಲಿರುವುದು ಅಡಗಿಸು ಎಂಬ ಬೇರೆಯೇ ಕ್ರಿಯೆ.

ವಿರುದ್ಧಪದವು ‘ರಿ’ಯಿಂದ ಆರಂಭವಾಗಲಾರದು ಎಂಬ ಭಾವನೆ ಅನೇಕರಲ್ಲಿದೆ. ಅದು ಸರಿಯಲ್ಲ. ಕೈದಿಯನ್ನು ಹಿಡಿದಿಡುವುದು ‘ರಿಸ್ಟ್ರೇನ್’ ಆದರೆ ಬಿಟ್ಟುಬಿಡುವುದು ‘ರಿಲೀಸ್’. ಕಾಯಿಲೆಯಿಂದ ಚೇತರಿಸಿಕೊಳ್ಳುವುದು ‘ರಿಕವರ್’ ಆದರೆ ಅದೇ ಕಾಯಿಲೆ ಮರುಕಳಿಸುವುದು ‘ರಿಲ್ಯಾಪ್ಸ್’. ‘ರಿಸೀವ್’ ಮತ್ತು ‘ರಿಜೆಕ್ಟ್’ ಕೂಡ ಕೆಲವು ಸಂದರ್ಭಗಳಲ್ಲಿ ಎದುರುಬದುರಾಗಿ ನಿಲ್ಲುತ್ತವೆ. ಉಪಸರ್ಗ ಒಂದೇ ಆಗಿದ್ದರೂ ಧಾತುಗಳು ಬೇರೆಯಾಗಿರುವುದರಿಂದ ಇದು ಸಾಧ್ಯವಾಗುತ್ತದೆ. ಆಯ್ಕೆಗಳಲ್ಲಿ ಉತ್ತರ ಹುಡುಕುವಾಗ ‘ರಿ’ಯಿಂದ ಆರಂಭವಾಗುವ ಆಯ್ಕೆಯನ್ನು ನೋಡಿದೊಡನೆ ತಳ್ಳಿಹಾಕಬಾರದು ಎಂಬುದು ಇದರಿಂದ ತಿಳಿಯುತ್ತದೆ.

ಇನ್ನು ಒತ್ತು ಕೊಡುವ ‘ರಿ’. ‘ರಿಜಾಯ್ಸ್’ ಎಂದರೆ ಮತ್ತೆ ಸಂತೋಷಪಡುವುದಲ್ಲ, ಬಹಳ ಸಂತೋಷಪಡುವುದು. ಅದಕ್ಕೆ ‘ಗ್ರೀವ್’ ಅಥವಾ ‘ಮೋರ್ನ್’ ವಿರುದ್ಧ. ‘ರಿಫೈನ್ಡ್’ಗೆ ‘ಕ್ರೂಡ್’. ಇಂತಹ ಪದಗಳಲ್ಲಿ ಉಪಸರ್ಗವನ್ನು ಮರೆತು ಇಡೀ ಪದದ ಅರ್ಥಕ್ಕೆ ಎದುರು ಹುಡುಕಿದರೆ ಸಾಕು.

‘ಮತ್ತೆ’ ಎಂಬ ಅರ್ಥವಿರುವಾಗ

‘ರೀಬಿಲ್ಡ್’ ಪದದ ವಿರುದ್ಧಪದ ಯಾವುದು? ‘ಮತ್ತೆ ಕಟ್ಟು’ ಎಂಬುದಕ್ಕೆ ‘ಮತ್ತೆ ಕಟ್ಟದಿರು’ ಎಂಬುದು ನಿಷೇಧವೇ ಹೊರತು ವಿರುದ್ಧಾರ್ಥವಲ್ಲ. ‘ಮೊದಲ ಸಲ ಕಟ್ಟು’ ಎಂಬುದೂ ಅಲ್ಲ. ಇಂತಹ ಪದಗಳಲ್ಲಿ ‘ಮತ್ತೆ’ ಎಂಬುದು ಹಿನ್ನೆಲೆಯಲ್ಲಿ ಉಳಿದು, ವಿರೋಧವು ಮೂಲ ಕ್ರಿಯೆಯ ಮೇಲೆ ಬೀಳುತ್ತದೆ. ಆದ್ದರಿಂದ ‘ರಿ’ಯನ್ನು ಪಕ್ಕಕ್ಕಿಟ್ಟು ಉಳಿದ ಕ್ರಿಯಾಪದದ ವಿರುದ್ಧಪದವನ್ನು ತೆಗೆದುಕೊಳ್ಳಬೇಕು: ‘ರೀಬಿಲ್ಡ್’ಗೆ ಕೆಡವುವ ಅರ್ಥದ ‘ಡಿಮಾಲಿಶ್’, ‘ರೀಓಪನ್’ಗೆ ‘ಕ್ಲೋಸ್’, ‘ರೀಯುನೈಟ್’ಗೆ ‘ಸೆಪರೇಟ್’.

ಈ ಗುಂಪಿನಲ್ಲಿ ಎಲ್ಲಕ್ಕಿಂತ ಕ್ರಮಬದ್ಧವಾದದ್ದು ಮೂರು ಪದಗಳ ಸರಣಿ. ಬ್ಯಾಟರಿಗೆ ವಿದ್ಯುತ್ ತುಂಬುವುದು ‘ಚಾರ್ಜ್’, ಅದು ಖಾಲಿಯಾಗುವುದು ‘ಡಿಸ್ಚಾರ್ಜ್’, ಮತ್ತೆ ತುಂಬುವುದು ‘ರೀಚಾರ್ಜ್’. ಮೊದಲನೆಯದಕ್ಕೂ ಮೂರನೆಯದಕ್ಕೂ ವಿರುದ್ಧಪದ ಒಂದೇ, ನಡುವಿನದು. ‘ಕನೆಕ್ಟ್’, ‘ಡಿಸ್‌ಕನೆಕ್ಟ್’, ‘ರೀಕನೆಕ್ಟ್’. ‘ಅಪಿಯರ್’, ‘ಡಿಸ್‌ಅಪಿಯರ್’, ‘ರೀಅಪಿಯರ್’. ‘ಹೈಡ್ರೇಟ್’, ‘ಡೀಹೈಡ್ರೇಟ್’, ‘ರೀಹೈಡ್ರೇಟ್’. ‘ಆರ್ಮ್’, ‘ಡಿಸ್‌ಆರ್ಮ್’, ‘ರೀಆರ್ಮ್’ ಎಲ್ಲವೂ ಇದೇ ಜಾಡಿನಲ್ಲಿ ನಡೆಯುತ್ತವೆ. ಅರಣ್ಯ ನಾಶಕ್ಕೆ ‘ಡೀಫಾರೆಸ್ಟೇಶನ್’, ನಾಶವಾದ ಕಡೆ ಮತ್ತೆ ಕಾಡು ಬೆಳೆಸುವುದಕ್ಕೆ ‘ರೀಫಾರೆಸ್ಟೇಶನ್’ ಎನ್ನುವುದೂ ಹೀಗೆಯೇ. ಒಂದು ಸ್ಥಿತಿ ಇತ್ತು, ಅದು ಹೋಯಿತು, ಮರಳಿ ಬಂತು ಎಂಬ ಮೂರು ಹಂತಗಳು ಎಲ್ಲೆಲ್ಲಿ ಸಾಧ್ಯವೋ ಅಲ್ಲೆಲ್ಲ ‘ಡಿಸ್’ ಅಥವಾ ‘ಡೀ’ ಉಪಸರ್ಗದ ಪದವೊಂದು ಇರಬಹುದು ಎಂದು ಊಹಿಸಿ, ನಿಘಂಟಿನಲ್ಲಿ ಖಚಿತಪಡಿಸಿಕೊಳ್ಳಬಹುದು. ಖಚಿತಪಡಿಸಿಕೊಳ್ಳುವುದು ಅಗತ್ಯ, ಏಕೆಂದರೆ ಈ ನಿಯಮವನ್ನು ಕುರುಡಾಗಿ ಅನ್ವಯಿಸಿ ‘ರಿಕವರ್’ಗೆ ‘ಡಿಸ್‌ಕವರ್’ ಎಂದರೆ ಅರ್ಥವೇ ಕೆಡುತ್ತದೆ. ‘ಡಿಸ್‌ಕವರ್’ ಎಂದರೆ ಕಂಡುಹಿಡಿಯುವುದು.

‘ರಿಪ್ಲೆನಿಶ್’ ಮತ್ತು ‘ಡಿಪ್ಲೀಟ್’ ಎಂಬ ಜೋಡಿ ಇದಕ್ಕೆ ಹತ್ತಿರದ್ದು. ತುಂಬು, ತುಂಬಿದ ಎಂಬ ಅರ್ಥದ ಒಂದೇ ಲ್ಯಾಟಿನ್ ಕುಟುಂಬದಿಂದ ಎರಡೂ ಬಂದಿವೆ; ಮೊದಲನೆಯದು ಬರಿದಾದದ್ದನ್ನು ಮತ್ತೆ ತುಂಬುವುದು, ಎರಡನೆಯದು ತುಂಬಿದ್ದನ್ನು ಬರಿದುಮಾಡುವುದು. ಅಂತರ್ಜಲ, ದಾಸ್ತಾನು, ಉಳಿತಾಯ ಇವುಗಳ ಬಗ್ಗೆ ಬರೆಯುವಾಗ ಈ ಜೋಡಿಗಿಂತ ಚೆನ್ನಾಗಿ ಹೊಂದುವುದು ಬೇರೊಂದಿಲ್ಲ.

ಕೆಲವು ಪದಗಳಿಗೆ ವಿರುದ್ಧಪದವೇ ಇಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ‘ರೀರೈಟ್’, ‘ರೀಟೆಲ್’, ‘ರೀನೇಮ್’ ಇವುಗಳ ಮೂಲ ಕ್ರಿಯೆಗಳಿಗೇ ಸಹಜವಾದ ಎದುರುಪದ ಇಲ್ಲ. ಬರೆಯುವುದರ ವಿರುದ್ಧ ಅಳಿಸುವುದು ಎಂದು ಎಳೆದು ತರಬಹುದಾದರೂ ಅದು ಬಳಕೆಯಲ್ಲಿ ನಿಲ್ಲುವುದಿಲ್ಲ. ‘ರಿಪೀಟ್’ ಎಂಬ ಪದಕ್ಕೂ ಸಂದರ್ಭಕ್ಕೆ ತಕ್ಕಂತೆ ‘ಸ್ಟಾಪ್’ ಎನ್ನಬಹುದೇ ವಿನಾ ಸ್ಥಿರವಾದ ಜೋಡಿ ಇಲ್ಲ. ಅದೇ ಅರ್ಥದ ವಿಶೇಷಣಗಳಿಗೆ ಬಂದರೆ ಮಾತ್ರ ಜೋಡಿಗಳು ಸಿಗುತ್ತವೆ. ಗಣಿತದಲ್ಲಿ ಮೂರನೆಯ ಒಂದು ಭಾಗವನ್ನು ದಶಮಾಂಶದಲ್ಲಿ ಬರೆದರೆ 0.333… ಎಂದು ಅಂಕಿ ಮರುಕಳಿಸುತ್ತಲೇ ಇರುತ್ತದೆ, ಅದು ‘ರಿಕರಿಂಗ್’. ನಾಲ್ಕನೆಯ ಒಂದು ಭಾಗ 0.25ಕ್ಕೆ ಮುಗಿದುಬಿಡುತ್ತದೆ, ಅದು ‘ಟರ್ಮಿನೇಟಿಂಗ್’. ಖರ್ಚಿನ ವಿಷಯದಲ್ಲಾದರೆ ಅದೇ ‘ರಿಕರಿಂಗ್’ಗೆ ‘ಒನ್‌ಟೈಮ್’ ವಿರುದ್ಧವಾಗುತ್ತದೆ.

ಉಚ್ಚಾರವನ್ನು ಕೇಳಿಸಿಕೊಳ್ಳುವುದು

‘ಮತ್ತೆ’ ಎಂಬ ಅರ್ಥ ಸ್ಪಷ್ಟವಾಗಿರುವಾಗ ಉಪಸರ್ಗವನ್ನು ಸಾಮಾನ್ಯವಾಗಿ ‘ರೀ’ ಎಂದು ದೀರ್ಘವಾಗಿ ಉಚ್ಚರಿಸಲಾಗುತ್ತದೆ. ಹಳೆಯ, ಅರ್ಥ ಬೆಸೆದುಹೋದ ಪದಗಳಲ್ಲಿ ಅದು ‘ರಿ’ ಎಂದು ಹ್ರಸ್ವವಾಗಿಯೋ ‘ರೆ’ ಎಂದೋ ಕೇಳಿಸುತ್ತದೆ. ಇಂಗ್ಲಿಷ್ ಬರವಣಿಗೆಯಲ್ಲಿ ಮರೆಯಾಗುವ ಈ ವ್ಯತ್ಯಾಸ ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಕಣ್ಣಿಗೇ ಕಾಣುತ್ತದೆ. ‘ರಿಝೈನ್’ ಎಂದರೆ ರಾಜೀನಾಮೆ ಕೊಡುವುದು. ಅದಕ್ಕೆ ‘ಜಾಯಿನ್’ ಅಥವಾ ‘ಸ್ಟೇ ಆನ್’ ವಿರುದ್ಧ. ‘ರೀಸೈನ್’ ಎಂದರೆ ಮತ್ತೆ ಸಹಿ ಹಾಕುವುದು; ಕ್ರೀಡಾಪಟುವಿನ ಒಪ್ಪಂದದ ಸಂದರ್ಭದಲ್ಲಿ ಅದಕ್ಕೆ ‘ರಿಲೀಸ್’ ವಿರುದ್ಧ. ಒಂದರಲ್ಲಿ ವ್ಯಕ್ತಿ ಬಿಟ್ಟುಹೋಗುತ್ತಾನೆ, ಇನ್ನೊಂದರಲ್ಲಿ ಉಳಿದುಕೊಳ್ಳುತ್ತಾನೆ. ಹೀಗೆ ಈ ಎರಡು ಪದಗಳೇ ಒಂದಕ್ಕೊಂದು ಬಹುಮಟ್ಟಿಗೆ ವಿರುದ್ಧವಾಗಿವೆ. ಗೊಂದಲ ತಪ್ಪಿಸಲು ಇಂಗ್ಲಿಷಿನಲ್ಲಿ ಎರಡನೆಯದನ್ನು ಉಪಸರ್ಗದ ನಂತರ ಅಡ್ಡಗೆರೆ ಹಾಕಿ ಬರೆಯುತ್ತಾರೆ. ಆ ಅಡ್ಡಗೆರೆ ಕಂಡಲ್ಲಿ ‘ಮತ್ತೆ’ ಎಂಬ ಗುಂಪಿನ ಕ್ರಮವನ್ನೇ ಅನುಸರಿಸಬೇಕು. ಹೊದಿಕೆಯನ್ನು ಮತ್ತೆ ಹಾಕುವ ‘ರೀಕವರ್’ಗೆ ‘ಅನ್‌ಕವರ್’, ಕಳೆದದ್ದನ್ನು ಮರಳಿ ಪಡೆಯುವ ‘ರಿಕವರ್’ಗೆ ‘ಲೂಸ್’ ವಿರುದ್ಧವಾಗುವುದು ಇದೇ ಕಾರಣದಿಂದ.

ನಿಷೇಧದ ಉಪಸರ್ಗವನ್ನು ಆರಿಸುವುದು

ವಿಶೇಷಣಗಳಲ್ಲಿ ಅನೇಕ ಸಲ ಬೇರೆ ಪದವನ್ನು ಹುಡುಕುವ ಅಗತ್ಯವೇ ಇರುವುದಿಲ್ಲ. ಪದದ ಆರಂಭಕ್ಕೆ ನಿಷೇಧದ ಉಪಸರ್ಗ ಸೇರಿಸಿದರೆ ಸಾಕು. ಯಾವುದನ್ನು ಸೇರಿಸಬೇಕು ಎಂಬುದರಲ್ಲಿಯೇ ಹೆಚ್ಚಿನ ತಪ್ಪುಗಳಾಗುವುದರಿಂದ ಈ ಭಾಗವನ್ನು ನಿಧಾನವಾಗಿ ನೋಡುವುದು ಒಳ್ಳೆಯದು.

ಲ್ಯಾಟಿನ್ನಿನ ‘ಇನ್’ ಎಂಬ ನಿಷೇಧಾರ್ಥಕವು ರಕಾರದ ಮುಂದೆ ಬಂದಾಗ, ಸಂಧಿಯಲ್ಲಿ ಆಗುವಂತೆ, ತಾನೂ ರಕಾರವಾಗಿ ‘ಇರ್’ ಆಗುತ್ತದೆ. ‘ರೆಗ್ಯುಲರ್’ಗೆ ‘ಇರ್ರೆಗ್ಯುಲರ್’, ‘ರೆಲೆವೆಂಟ್’ಗೆ ‘ಇರ್ರೆಲೆವೆಂಟ್’, ‘ರೆಸ್ಪಾನ್ಸಿಬಲ್’ಗೆ ‘ಇರ್ರೆಸ್ಪಾನ್ಸಿಬಲ್’, ‘ರಿವರ್ಸಿಬಲ್’ಗೆ ‘ಇರ್ರಿವರ್ಸಿಬಲ್’ ಎಲ್ಲವೂ ಹೀಗೆ ಹುಟ್ಟಿದವು. ಬರೆಯುವಾಗ ಇಂಗ್ಲಿಷಿನಲ್ಲಿ ರಕಾರದ ಅಕ್ಷರವನ್ನು ಎರಡು ಸಲ ಬರೆಯಬೇಕು ಎಂಬುದನ್ನು ಮರೆಯಬಾರದು. ಇದಕ್ಕೆ ಪ್ರತಿಯಾಗಿ ‘ಅನ್’ ಎಂಬುದು ಇಂಗ್ಲಿಷಿನ ಸ್ವಂತ ಉಪಸರ್ಗ: ‘ಅನ್‌ರಿಯಲ್’, ‘ಅನ್‌ರಿಲಯಬಲ್’, ‘ಅನ್‌ರೀಸನಬಲ್’. ‘ರಿಲಯಬಲ್’ಗೆ ಏಕೆ ‘ಇರ್’ ಬರಲಿಲ್ಲ ಎಂದು ಕೇಳಿದರೆ ಬಳಕೆ ಹಾಗಿದೆ ಎಂದಷ್ಟೇ ಹೇಳಲು ಸಾಧ್ಯ. ಆದರೂ ನೆರವಾಗುವ ಒಂದು ಸೂಚನೆ ಇದೆ: ಭೂತಕೃದಂತದ ‘ಎಡ್’ ಪ್ರತ್ಯಯದಿಂದ ಮುಗಿಯುವ ವಿಶೇಷಣಗಳಿಗೆ ಸಾಮಾನ್ಯವಾಗಿ ‘ಅನ್’ ಬರುತ್ತದೆ. ಬಗೆಹರಿದ ಎಂಬ ಅರ್ಥದ ‘ರಿಝಾಲ್ವ್ಡ್’ಗೆ ‘ಅನ್‌ರಿಝಾಲ್ವ್ಡ್’. ಅದೇ ಧಾತುವಿನ, ದೃಢ ನಿಶ್ಚಯದ ಎಂಬ ಅರ್ಥದ ‘ರೆಝಲ್ಯೂಟ್’ಗೆ ‘ಇರ್ರೆಝಲ್ಯೂಟ್’. ‘ರಿಲೇಟೆಡ್’, ‘ರೆಜಿಸ್ಟರ್ಡ್’, ‘ರಿಸ್ಟ್ರಿಕ್ಟೆಡ್’ ಇವುಗಳಿಗೂ ‘ಅನ್’ ಎಂದೇ ಸೇರುತ್ತದೆ.

ವರ್ಗೀಕರಣದ ಮಾತು ಬಂದಾಗ ‘ನಾನ್’ ಬರುತ್ತದೆ. ಕಲ್ಲಿದ್ದಲು ‘ನಾನ್‌ರಿನ್ಯೂಯಬಲ್’ ಎನ್ನುವಾಗ ಅದು ಯಾವ ಗುಂಪಿಗೆ ಸೇರಿದ್ದು ಎಂದು ಹೇಳಲಾಗುತ್ತದೆಯೇ ಹೊರತು ಗುಣದೋಷದ ತೀರ್ಮಾನ ಅದರಲ್ಲಿಲ್ಲ. ‘ಡಿಸ್’ ಎಂಬುದು ನಾಮಪದಗಳಲ್ಲಿಯೂ ಕ್ರಿಯಾಪದಗಳಲ್ಲಿಯೂ ಕಾಣಿಸುತ್ತದೆ, ಮತ್ತು ಅದು ಬರಿಯ ಅಭಾವವನ್ನಲ್ಲದೆ ಎದುರು ಭಾವವನ್ನು ಸೂಚಿಸುತ್ತದೆ: ‘ಡಿಸ್‌ರೆಸ್ಪೆಕ್ಟ್’ ಎಂದರೆ ಗೌರವ ಇಲ್ಲದಿರುವುದಷ್ಟೇ ಅಲ್ಲ, ಅಗೌರವ ತೋರುವುದು.

ಒಂದೇ ಕುಟುಂಬದ ಪದಗಳು ಬೇರೆ ಬೇರೆ ಉಪಸರ್ಗಗಳನ್ನು ಹಿಡಿಯುವುದಕ್ಕೆ ‘ರಿಪೇರ್’ ಒಳ್ಳೆಯ ನಿದರ್ಶನ. ದುರಸ್ತಿ ಮಾಡು ಎಂಬ ಕ್ರಿಯಾಪದವಾಗಿ ಅದಕ್ಕೆ ‘ಡ್ಯಾಮೇಜ್’ ಅಥವಾ ‘ಬ್ರೇಕ್’ ವಿರುದ್ಧ. ಕಟ್ಟಡವೊಂದು ಸುಸ್ಥಿತಿಯಲ್ಲಿದೆ ಎನ್ನುವ ನಾಮಪದವಾಗಿ ಅದರ ವಿರುದ್ಧ ‘ಡಿಸ್‌ರಿಪೇರ್’. ಸರಿಪಡಿಸಬಹುದಾದ ಎಂಬ ವಿಶೇಷಣವಾದರೆ ‘ಇರ್ರೆಪರಬಲ್’. ಇದರಲ್ಲಿ ಒತ್ತು ಸ್ಥಳ ಬದಲಿಸಿ ‘ರೆ’ಯ ಮೇಲೆ ಬೀಳುವುದರಿಂದ ಕೇಳಿದಾಗ ಅದು ‘ರಿಪೇರ್’ನ ನೆಂಟನೆಂದು ಥಟ್ಟನೆ ಹೊಳೆಯುವುದಿಲ್ಲ. ತುಂಬಲಾಗದ ನಷ್ಟಕ್ಕೆ ಈ ಪದವೇ ಸರಿ, ‘ಅನ್‌ರಿಪೇರ್ಡ್’ ಅಲ್ಲ; ಅದು ಇನ್ನೂ ದುರಸ್ತಿಯಾಗದ ವಸ್ತುವಿಗೆ ಹೇಳುವ ಮಾತು.

‘ಅನ್’ ಸೇರಿದ ಮಾತ್ರಕ್ಕೆ ಪೂರ್ಣ ವಿರುದ್ಧಾರ್ಥ ಬರುತ್ತದೆಂದೂ ಹೇಳಲಾಗದು. ‘ರೆಸ್ಟ್’ ಎಂದರೆ ವಿಶ್ರಾಂತಿ, ಆದರೆ ‘ಅನ್‌ರೆಸ್ಟ್’ ಎಂದರೆ ಜನರ ಅಶಾಂತಿ, ಕ್ಷೋಭೆ. ದೇಹದ ವಿಶ್ರಾಂತಿಗೆ ‘ವರ್ಕ್’ ಅಥವಾ ‘ಆ್ಯಕ್ಟಿವಿಟಿ’ಯನ್ನೂ, ಭೌತಶಾಸ್ತ್ರದ ನಿಶ್ಚಲ ಸ್ಥಿತಿಗೆ ‘ಮೋಶನ್’ ಅನ್ನೂ ಎದುರಿಡಬೇಕು. ‘ಇರ್ರಿಗಾರ್ಡ್‌ಲೆಸ್’ ಎಂಬ ಪದವನ್ನು ಮಾತ್ರ ಬರವಣಿಗೆಯಲ್ಲಿ ಬಳಸದಿರುವುದೇ ಲೇಸು. ಕೊನೆಯ ‘ಲೆಸ್’ ಆಗಲೇ ನಿಷೇಧವನ್ನು ಹೇಳಿರುವುದರಿಂದ ಮೊದಲಿನ ‘ಇರ್’ ಅನಗತ್ಯ, ಮತ್ತು ಅದು ‘ರಿಗಾರ್ಡ್‌ಲೆಸ್’ಗೆ ವಿರುದ್ಧಪದವೂ ಅಲ್ಲ.

ವಾಕ್ಯದಲ್ಲಿಟ್ಟು ನೋಡುವುದು

ಉಪಸರ್ಗದ ವಿಚಾರಣೆ ಮುಗಿದ ಮೇಲೆ, ಸಿಕ್ಕ ಪದವನ್ನು ಮೂಲ ಪದವಿದ್ದ ವಾಕ್ಯದಲ್ಲಿಯೇ ಇಟ್ಟು ಓದಬೇಕು. ಕಾನೂನನ್ನು ರದ್ದುಪಡಿಸುವುದು ‘ರಿಪೀಲ್’, ಜಾರಿಗೆ ತರುವುದು ‘ಎನ್ಯಾಕ್ಟ್’. ಪರವಾನಗಿಯನ್ನು ಹಿಂತೆಗೆದುಕೊಳ್ಳುವುದು ‘ರಿವೋಕ್’, ಕೊಡುವುದು ‘ಗ್ರ್ಯಾಂಟ್’. ಅರ್ಥ ಹತ್ತಿರವಿದ್ದರೂ ಈ ಜೋಡಿಗಳನ್ನು ಅದಲುಬದಲು ಮಾಡಲು ಬರುವುದಿಲ್ಲ, ಏಕೆಂದರೆ ಪ್ರತಿಯೊಂದು ಕ್ರಿಯಾಪದಕ್ಕೂ ಅದರದೇ ಆದ ಕರ್ಮಪದಗಳ ಬಳಗವಿದೆ.

ಶಾಸ್ತ್ರಗಳಿಗೆ ಬಂದರೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಮಾತಿನಲ್ಲಿ ‘ರಿಡಕ್ಷನ್’ಗೆ ‘ಇನ್‌ಕ್ರೀಸ್’ ವಿರುದ್ಧವಾದರೆ ರಸಾಯನಶಾಸ್ತ್ರದಲ್ಲಿ ಅದು ಅಪಕರ್ಷಣ, ಅದರ ಎದುರು ಉತ್ಕರ್ಷಣ ಎಂಬ ಅರ್ಥದ ‘ಆಕ್ಸಿಡೇಶನ್’. ‘ರಿಯಲ್’ ಎಂಬುದಕ್ಕೆ ನಾಣ್ಯದ ವಿಷಯದಲ್ಲಿ ‘ಫೇಕ್’, ದರ್ಪಣ ಮತ್ತು ಮಸೂರಗಳ ಬಿಂಬದ ವಿಷಯದಲ್ಲಿ ‘ವರ್ಚುವಲ್’, ಸಂಖ್ಯೆಗಳ ವಿಷಯದಲ್ಲಿ ‘ಇಮ್ಯಾಜಿನರಿ’, ಅರ್ಥಶಾಸ್ತ್ರದ ಆದಾಯದ ವಿಷಯದಲ್ಲಿ ‘ನಾಮಿನಲ್’. ತಳಿವಿಜ್ಞಾನದ ‘ರಿಸೆಸಿವ್’ಗೆ ‘ಡಾಮಿನೆಂಟ್’. ದಿನಬಳಕೆಯಲ್ಲಿಯೂ ‘ರಿಸರ್ವ್ಡ್’ ಎಂಬುದು ಆಸನಕ್ಕೆ ಹೇಳಿದ್ದಾದರೆ ‘ಅನ್‌ರಿಸರ್ವ್ಡ್’, ಹೆಚ್ಚು ಮಾತನಾಡದ ವ್ಯಕ್ತಿಗೆ ಹೇಳಿದ್ದಾದರೆ ‘ಔಟ್‌ಗೋಯಿಂಗ್’.

ವಿರುದ್ಧಪದವು ಮೂಲ ಪದದಂತೆಯೇ ನಾಮಪದವೋ ಕ್ರಿಯಾಪದವೋ ವಿಶೇಷಣವೋ ಆಗಿರಬೇಕು, ತೀವ್ರತೆಯೂ ಸಮನಾಗಿರಬೇಕು. ‘ರೀಸೆಂಟ್’ ಎಂಬುದಕ್ಕೆ ‘ಓಲ್ಡ್’ ಸಾಕಾಗುವ ಕಡೆ ‘ಏನ್ಷಂಟ್’ ಎಂದರೆ ಅಳತೆ ಮೀರುತ್ತದೆ. ಸಿಕ್ಕ ಪದದಿಂದ ಹಿಂತಿರುಗಿ ಬರುವುದೂ ಒಳ್ಳೆಯ ಪರೀಕ್ಷೆಯೇ: ‘ಕನ್ಸೀಲ್’ಗೆ ವಿರುದ್ಧವೇನು ಎಂದು ಕೇಳಿದರೆ ‘ರಿವೀಲ್’ ಸುಲಭವಾಗಿ ಬರುತ್ತದೆ, ಆದ್ದರಿಂದ ಜೋಡಿ ಗಟ್ಟಿ.

ಅಪರಿಚಿತ ಪದವೊಂದರ ಮೇಲೆ ಈ ಕ್ರಮವನ್ನು ಪ್ರಯೋಗಿಸಬಹುದು. ‘ರಿಕ್ಯಾಲ್ಸಿಟ್ರಂಟ್’ ಎಂಬ ಪದವನ್ನು ತೆಗೆದುಕೊಳ್ಳಿ. ಉಚ್ಚಾರದಲ್ಲಿ ‘ರಿ’ ಹ್ರಸ್ವವಾಗಿರುವುದರಿಂದ ‘ಮತ್ತೆ’ ಎಂಬ ಅರ್ಥ ಇರಲಾರದು ಎಂದು ಮೊದಲ ಊಹೆ. ನಿಘಂಟಿನಲ್ಲಿ ಮೂಲವನ್ನು ನೋಡಿದರೆ ಹಿಮ್ಮಡಿಯಿಂದ ಒದೆಯುವುದು ಎಂಬ ಅರ್ಥ ಸಿಗುತ್ತದೆ. ಹಿಡಿಯಲು ಹೋದವರನ್ನು ಪ್ರಾಣಿ ಹಿಂದಕ್ಕೆ ಒದೆಯುವ ಚಿತ್ರ ಅದರಲ್ಲಿದೆ. ಅಂದರೆ ಇದು ‘ಹಿಂದಕ್ಕೆ’ ಎಂಬ ಗುಂಪಿನದು, ಮತ್ತು ಇಂದಿನ ಅರ್ಥ ಹೇಳಿದ ಮಾತು ಕೇಳದ, ಹಟಮಾರಿ ಎಂದು. ಪದ ವಿಶೇಷಣ, ಆದ್ದರಿಂದ ಉತ್ತರವೂ ವಿಶೇಷಣವಾಗಬೇಕು: ವಿದ್ಯಾರ್ಥಿಯ ಬಗ್ಗೆ ಹೇಳಿದ್ದಾದರೆ ‘ಒಬೀಡಿಯೆಂಟ್’, ನಿಯಮ ಪಾಲಿಸದ ಸಂಸ್ಥೆಯ ಬಗ್ಗೆ ಹೇಳಿದ್ದಾದರೆ ‘ಕಂಪ್ಲಯಂಟ್’. ಆದರೆ ಅದೇ ಪದ ಬೀಜವಿಜ್ಞಾನದ ವಾಕ್ಯದಲ್ಲಿ ಬಂದಿದ್ದರೆ ಈ ಎರಡೂ ತಪ್ಪು. ಅಲ್ಲಿ ಒಣಗಿಸಿದರೆ ಸತ್ತುಹೋಗುವ ಕೋಕೋ, ರಬ್ಬರ್ ಮುಂತಾದವುಗಳ ಬೀಜಗಳಿಗೆ ‘ರಿಕ್ಯಾಲ್ಸಿಟ್ರಂಟ್’ ಎನ್ನುತ್ತಾರೆ. ಒಣಗಿಸಿ ತಣ್ಣಗಿನಲ್ಲಿ ವರ್ಷಗಟ್ಟಲೆ ಇಡಬಹುದಾದ ಬೀಜಗಳಿಗೆ, 1973ರಲ್ಲಿ ಬಂದ ವರ್ಗೀಕರಣದಂತೆ, ‘ಆರ್ಥೊಡಾಕ್ಸ್’ ಎಂಬ ಹೆಸರಿದೆ. ಆ ವಾಕ್ಯಕ್ಕೆ ಅದೇ ಸರಿಯಾದ ವಿರುದ್ಧಪದ.